ಮೂತ್ರಪಿಂಡಗಳನ್ನು ಬಲ್ಲ ದೇವರು



ಸರ್ವೇಶ್ವರ ಸ್ವಾಮಿ ತಾವು ಮನುಷ್ಯನ ಒಳಗನ್ನು ಶೋಧಿಸಿ ನೋಡುವವರೆಂದು ಪ್ರವಾದಿ ಯೆರೆಮೀಯನ ಮೂಲಕ ತಿಳಿಸುತ್ತಾರೆ (ಯೆರೆ. 17:10). ನಮ್ಮ ಅನುವಾದಗಳಲ್ಲಿ ಅಲ್ಲಿ ಹೃದಯ, ಅಂತರಂಗ ಎಂಬಂಥ ಪದಗಳು ಬರುತ್ತವೆ. ಹೀಬ್ರೂ ಮೂಲದಲ್ಲಿ ಹೃದಯದ ಜೊತೆಗೆ ಇರುವ ಎರಡನೆಯ ಪದ ‘ಕೆಲಾಯೋತ್’. ಅದರ ನೇರ ಅರ್ಥ ಮೂತ್ರಪಿಂಡಗಳು. ನಾವು ಆಡುಮಾತಿನಲ್ಲಿ ಕಿಡ್ನಿ ಎನ್ನುತ್ತೇವಲ್ಲ, ಅದೇ.

ಇಸ್ರಯೇಲಿನ ಜನರಿಗೆ ಮೂತ್ರಪಿಂಡವು ದೇಹದ ಅತ್ಯಂತ ಒಳಗಿನ, ಅತ್ಯಂತ ಮರೆಯಾದ ಭಾಗವಾಗಿತ್ತು. ಆದ್ದರಿಂದಲೇ ಅದನ್ನು ಅವರು ಮನಸ್ಸಾಕ್ಷಿಯ ನೆಲೆ ಎಂದು ಭಾವಿಸಿದರು. ರಾತ್ರಿಯ ಹೊತ್ತು ತನಗೆ ಬುದ್ಧಿ ಹೇಳುವುದು ಮೂತ್ರಪಿಂಡಗಳೇ ಎನ್ನುತ್ತಾನೆ ಕೀರ್ತನೆಕಾರ (ಕೀರ್ತನೆ 16:7). ತಾಯಿಯ ಗರ್ಭದಲ್ಲಿ ದೇವರು ತನ್ನನ್ನು ರೂಪಿಸಿದ್ದನ್ನು ನೆನೆಯುವಾಗಲೂ ಅವನ ಬಾಯಿಗೆ ಮೊದಲು ಬರುವುದು ಅದೇ ಅಂಗ (ಕೀರ್ತನೆ 139:13). ಶಾಂತಿಸಮಾಧಾನದ ಬಲಿಯಲ್ಲಿ ಪ್ರಾಣಿಯ ಎರಡು ಮೂತ್ರಪಿಂಡಗಳನ್ನು ಯಾರೂ ತಿನ್ನುವಂತಿರಲಿಲ್ಲ. ಅವು ಬಲಿಪೀಠದ ಮೇಲೆ ದೇವರಿಗೇ ಸಲ್ಲಬೇಕಾದ ಭಾಗವಾಗಿದ್ದವು (ಯಾಜಕಕಾಂಡ 3).

ಈ ವಾರ ಈ ವಿಷಯವನ್ನೇಕೆ ಎತ್ತಿಕೊಂಡೆನೆಂದು ನೀವು ಕೇಳಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ಕಾರ್ಖಾನೆ, ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ದುಡಿದು ಸಂಸಾರ ಸಾಗಿಸುವವರು ಬಹುಮಂದಿ ಇದ್ದಾರೆ. ಅವರಲ್ಲಿ ಕೆಲವರು ದಿನವೂ ಮುಟ್ಟುವ, ಉಸಿರಾಡುವ ವಸ್ತುವೊಂದು ದೇವರಿಗೆ ಮಾತ್ರ ಕಾಣುವ ಆ ಅಂಗವನ್ನು ಸದ್ದಿಲ್ಲದೆ ಹಾಳುಮಾಡುತ್ತಿದೆ. ಅದರ ಹೆಸರು ಸೀಸ. ಬಲಿಪೂಜೆಯಲ್ಲಿ ನಾವು ಅರ್ಪಿಸುವ ರೊಟ್ಟಿ ಮತ್ತು ದ್ರಾಕ್ಷಾರಸ ಮನುಷ್ಯರ ದುಡಿಮೆಯ ಫಲ. ಹಾಗಿರುವಾಗ ಆ ದುಡಿಮೆ ಮನುಷ್ಯನಿಗೆ ಏನು ಮಾಡುತ್ತಿದೆ ಎಂಬ ಪ್ರಶ್ನೆಯೂ ಬಲಿಪೀಠದ ಮುಂದೆ ಬರಲೇಬೇಕು.

ಸೀಸವೂ ದೇವರ ಸೃಷ್ಟಿಯೇ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ದೇವರು ಸೃಷ್ಟಿಸಿದ್ದೆಲ್ಲವೂ ಒಳ್ಳೆಯದು. ಸೀಸದಿಂದ ನಮಗಾಗಿರುವ ಉಪಕಾರ ಕಡಿಮೆಯೇನಲ್ಲ. ನಮ್ಮ ಹಿರಿಯರು ಓದಿದ ಪ್ರಾರ್ಥನಾ ಪುಸ್ತಕಗಳು, ಧರ್ಮೋಪದೇಶದ ಕಿರುಹೊತ್ತಗೆಗಳು, ಈ ಬಗೆಯ ಪತ್ರಿಕೆಗಳು ಸೀಸ ಬೆರೆಸಿ ಎರಕ ಹೊಯ್ದ ಅಚ್ಚುಮೊಳೆಗಳಿಂದಲೇ ಮುದ್ರಣವಾದವು. ಹಳೆಯ ದೇವಾಲಯಗಳ ಬಣ್ಣದ ಗಾಜಿನ ಕಿಟಕಿಗಳಲ್ಲಿ ಗಾಜಿನ ಚೂರುಗಳನ್ನು ಹಿಡಿದಿಟ್ಟಿರುವುದು ಸೀಸದ ಪಟ್ಟಿ. ಎಕ್ಸ್‌ರೇ ತೆಗೆಯುವವರನ್ನು ಕಾಪಾಡುವುದು ಸೀಸದ ಹೊದಿಕೆ. ಕರೆಂಟು ಹೋದಾಗ ಮನೆಯಲ್ಲಿ ದೀಪ ಉರಿಸುವ ಯು.ಪಿ.ಎಸ್., ರಸ್ತೆಯಲ್ಲಿ ಓಡುವ ಕಾರು, ಲಾರಿ ಇವೆಲ್ಲಕ್ಕೂ ಬೇಕಾದ ಬ್ಯಾಟರಿಯ ಒಳಗಿರುವುದು ಸೀಸವೇ. ಇಂದು ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುಪಾಲು ಹೋಗುವುದು ಬ್ಯಾಟರಿಗಳಿಗೆ.

ಹಳೆಯ ಬ್ಯಾಟರಿಯ ಸೀಸವನ್ನು ಕರಗಿಸಿ ಮತ್ತೆ ಹೊಸ ಬ್ಯಾಟರಿ ಮಾಡಬಹುದು. ಸರಿಯಾಗಿ ಮಾಡಿದರೆ ಇದು ಸೃಷ್ಟಿಯ ಸಂಪತ್ತನ್ನು ಪೋಲುಮಾಡದ ಒಳ್ಳೆಯ ಕೆಲಸ. ಆದರೆ ಗುಜರಿ ಶೆಡ್ಡುಗಳಲ್ಲಿ ಬ್ಯಾಟರಿಯನ್ನು ಸುತ್ತಿಗೆಯಿಂದ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಫಲಕಗಳನ್ನು ತೆರೆದ ಒಲೆಯಲ್ಲಿ ಕರಗಿಸುವ ಪದ್ಧತಿಯೂ ಇದೆ. ಸೀಸ 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವುದರಿಂದ ಈ ಕೆಲಸಕ್ಕೆ ದೊಡ್ಡ ಕುಲುಮೆ ಬೇಕಿಲ್ಲ, ಓದು ಬೇಕಿಲ್ಲ, ಪರವಾನಗಿಯಿಲ್ಲದೆ ಮಾಡುವವರೂ ಇದ್ದಾರೆ. ಶಾಖ ಏರಿದಂತೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹೊಗೆ ಏಳುತ್ತದೆ.

ಮೂತ್ರಪಿಂಡಗಳ ಮಾತನ್ನಾಡಿದ ಅದೇ ಯೆರೆಮೀಯ ಸೀಸದ ಕುಲುಮೆಯನ್ನೂ ಬಲ್ಲವನಾಗಿದ್ದ. ತಿದಿ ಜೋರಾಗಿ ಊದುತ್ತಿದ್ದರೂ, ಸೀಸವೆಲ್ಲ ಬೆಂಕಿಯಲ್ಲಿ ತೀರಿಹೋದರೂ, ಕಶ್ಮಲ ಮಾತ್ರ ಹೋಗಲಿಲ್ಲವೆಂದು ಅವನು ತನ್ನ ಜನರ ಹಟಮಾರಿತನವನ್ನು ಕಂಡು ಕೊರಗುತ್ತಾನೆ (ಯೆರೆ. 6:29). ಸಿರಾಖನ ಗ್ರಂಥವಂತೂ ಕಮ್ಮಾರನ ಕಷ್ಟವನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸುತ್ತದೆ. ಬೆಂಕಿಯ ಝಳಕ್ಕೆ ಅವನ ಮೈ ಬತ್ತುತ್ತದೆ, ಆದರೂ ಕೈಯಲ್ಲಿರುವ ಕೆಲಸವನ್ನು ಅಂದಗೊಳಿಸುವುದರಲ್ಲೇ ಅವನ ಮನಸ್ಸು ನೆಟ್ಟಿರುತ್ತದೆ (ಸಿರಾಖ 38:28). ಕೆಲಸಗಾರನ ನಿಷ್ಠೆಯನ್ನೂ ಅವನ ದೇಹಕ್ಕಾಗುವ ಸವೆತವನ್ನೂ ಪವಿತ್ರಗ್ರಂಥ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಾವು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆತುಬಿಡುತ್ತೇವೆ.

ಸದ್ದಿಲ್ಲದೆ ಸವೆಯುವ ಅಂಗ

ಸೀಸ ದೇಹವನ್ನು ಸೇರುವುದು ಮುಖ್ಯವಾಗಿ ಎರಡು ದಾರಿಗಳಿಂದ. ಒಂದು ಉಸಿರು, ಇನ್ನೊಂದು ಬಾಯಿ. ಹೊಗೆ ಮತ್ತು ನುಣ್ಣನೆಯ ಧೂಳು ಶ್ವಾಸಕೋಶದ ಆಳಕ್ಕೆ ಹೋಗಿ ಸುಲಭವಾಗಿ ರಕ್ತದಲ್ಲಿ ಬೆರೆಯುತ್ತವೆ. ಕೈ ತೊಳೆಯದೆ ತಿಂದ ಬನ್ನು, ಕೆಲಸದ ಮಧ್ಯೆ ಸೇದಿದ ಬೀಡಿ, ಧೂಳು ಕೂತ ಲೋಟದ ಚಹಾ ಇವುಗಳ ಮೂಲಕ ಉಳಿದದ್ದು ಹೊಟ್ಟೆಗೆ ಸೇರುತ್ತದೆ. ರಕ್ತಕ್ಕೆ ಬಂದ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು. ದೇಹದಲ್ಲಿ ಉಳಿದುಕೊಳ್ಳುವ ಸೀಸದ ಹೆಚ್ಚಿನ ಅಂಶ ಮೂಳೆಗಳಲ್ಲಿ ನೆಲೆಸಿ ಹತ್ತಾರು ವರ್ಷ ಅಲ್ಲಿರುತ್ತದೆ. ಕೆಲಸ ಬಿಟ್ಟ ಮೇಲೂ, ವಯಸ್ಸಾಗಿ ಮೂಳೆ ಸವೆಯುವಾಗಲೂ, ಹೆಂಗಸರಲ್ಲಿ ಬಸಿರಿನ ಕಾಲದಲ್ಲೂ ಅದು ಮತ್ತೆ ರಕ್ತಕ್ಕೆ ಇಳಿಯುತ್ತದೆ.

ನಮ್ಮ ಎರಡು ಮೂತ್ರಪಿಂಡಗಳು ಒಂದೊಂದೂ ಮುಷ್ಟಿಯಷ್ಟು ದೊಡ್ಡವು. ಪ್ರತಿಯೊಂದರಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಘಟಕಗಳಿವೆ. ಅವು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ಹಿಂದಕ್ಕೆ ಪಡೆದು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಕಳುಹಿಸುತ್ತವೆ. ಹೀಗೆ ಹಿಂದಕ್ಕೆ ಪಡೆಯುವ ನಳಿಕೆಗಳಲ್ಲೇ ಸೀಸ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ನಳಿಕೆಗಳ ಸುತ್ತಲಿನ ಅಂಗಾಂಶ ಗಡುಸಾಗಿ ಮೂತ್ರಪಿಂಡ ಕುಗ್ಗುತ್ತದೆ. ರಕ್ತದೊತ್ತಡ ಏರುತ್ತದೆ. ಏರಿದ ರಕ್ತದೊತ್ತಡ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತದೆ. ಹೊರಹೋಗಬೇಕಾದ ಯೂರಿಕ್ ಆಮ್ಲ ಉಳಿದು ಕೀಲುಗಳಲ್ಲಿ ಗೌಟ್ ಎಂಬ ನೋವು ಕಾಣಿಸಿಕೊಳ್ಳುತ್ತದೆ. ಗೌಟ್ ರೋಗಿಗಳಲ್ಲಿ ಸೀಸದ ಕೊಳಾಯಿ ಕೆಲಸದವರೂ ಬಣ್ಣ ಬಳಿಯುವವರೂ ಬಹಳ ಮಂದಿ ಇರುವುದನ್ನು ಇಂಗ್ಲೆಂಡಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ 1859ರಷ್ಟು ಹಿಂದೆಯೇ ಗಮನಿಸಿ ಬರೆದಿದ್ದರು.

ಇಷ್ಟೆಲ್ಲ ಆಗುತ್ತಿದ್ದರೂ ಮೂತ್ರಪಿಂಡ ನೋಯುವುದಿಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬುದು ಏರಿ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಅರ್ಧದಷ್ಟು ಶಕ್ತಿ ಕಳೆದುಹೋಗಿರುತ್ತದೆ. ಕಾಲು ಬಾತು, ಊಟ ಸೇರದೆ, ಉಸಿರು ಕಟ್ಟುವಂತಾದಾಗ ಉಳಿದಿರುವುದು ಡಯಾಲಿಸಿಸ್ ದಾರಿಯೊಂದೇ ಆಗಿರಬಹುದು.

ಕೇಳದೆ ಉಳಿದ ಪ್ರಶ್ನೆ

ಇಟಲಿಯ ಮೊದೆನಾ ನಗರದಲ್ಲಿ ಬರ್ನಾರ್ದಿನೋ ರಾಮಾತ್ಸಿನಿ ಎಂಬ ವೈದ್ಯರಿದ್ದರು. ಕೆಲಸಗಾರರ ರೋಗಗಳ ಬಗ್ಗೆ 1700ರಲ್ಲಿ ಅವರು ಒಂದು ಗ್ರಂಥ ಪ್ರಕಟಿಸಿದರು. ಕುಂಬಾರರು ಮಡಕೆಗೆ ಹೊಳಪು ಕೊಡಲು ಸೀಸವನ್ನು ಅರೆಯುವಾಗ ಅವರ ಕೈ ನಡುಗುವುದನ್ನೂ ಮೈ ಸೊರಗುವುದನ್ನೂ ಅವರು ಕಣ್ಣಾರೆ ಕಂಡಿದ್ದರು. ವೈದ್ಯನು ಬಡವನ ಮನೆಗೆ ಹೋದಾಗ ಅವಸರ ಮಾಡದೆ ಕುಳಿತು, ಹಳೆಯ ವೈದ್ಯಶಾಸ್ತ್ರ ಕಲಿಸಿದ ಪ್ರಶ್ನೆಗಳ ಜೊತೆಗೆ ರೋಗಿಯ ಕಸುಬು ಯಾವುದೆಂದೂ ಕೇಳಬೇಕೆಂಬುದು ಅವರ ಉಪದೇಶವಾಗಿತ್ತು.

ಮುನ್ನೂರು ವರ್ಷ ಕಳೆದರೂ ಈ ಪ್ರಶ್ನೆ ಎಷ್ಟೋ ಕಡೆ ಕೇಳದೆ ಉಳಿದಿದೆ. ನಾನು ರೋಗಿಗಳ ಅಭ್ಯಂಗಕ್ಕೆ ಹೋಗಿದ್ದ ಮನೆಯೊಂದರಲ್ಲಿ ಐವತ್ತು ದಾಟದ ಗಂಡಸೊಬ್ಬರು ಹಾಸಿಗೆ ಹಿಡಿದಿದ್ದರು. ಹದಿನಾಲ್ಕು ವರ್ಷ ಹಳೆ ಬ್ಯಾಟರಿ ಒಡೆದು ಕರಗಿಸುವ ಶೆಡ್ಡಿನಲ್ಲಿ ದುಡಿದವರು. ಮೊದಲು ಹೊಟ್ಟೆ ಹಿಂಡಿದಂತಾಯಿತು, ಗ್ಯಾಸ್ಟ್ರಿಕ್ ಎಂದರು. ಆಮೇಲೆ ಕೀಲುನೋವು, ನೋವಿನ ಮಾತ್ರೆ ಕೊಟ್ಟರು. ಆಮೇಲೆ ಬಿ.ಪಿ. ಬಂತು. “ಸ್ವಾಮಿ, ಏಳೆಂಟು ಕಡೆ ತೋರಿಸಿದೆವು. ಎಲ್ಲರೂ ಕುಡಿಯುತ್ತೀರಾ ಅಂತ ಕೇಳಿದರು. ಏನು ಕೆಲಸ ಮಾಡುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ” ಎಂದರು ಅವರ ಹೆಂಡತಿ. ಸೀಸಕ್ಕೆ ಬಲಿಯಾಗುತ್ತಿದ್ದ ಮೂತ್ರಪಿಂಡಕ್ಕೆ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯ ಭಾರವೂ ಸೇರಿತ್ತು. ಅಂಥ ಮಾತ್ರೆಗಳು ದುರ್ಬಲವಾದ ಮೂತ್ರಪಿಂಡಕ್ಕೆ ಕೇಡೆಂಬುದು ವೈದ್ಯರಿಗೆ ತಿಳಿದ ವಿಷಯವೇ.

ನಮ್ಮ ಧರ್ಮಕೇಂದ್ರಗಳಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಔಷಧ ಅಂಗಡಿ ನಡೆಸುವವರಿದ್ದಾರೆ. ವೈದ್ಯನನ್ನು ಗೌರವಿಸಬೇಕು, ಅವನನ್ನೂ ದೇವರೇ ನಿರ್ಮಿಸಿದ್ದು ಎಂದು ಸಿರಾಖನ ಗ್ರಂಥ ಕಲಿಸುತ್ತದೆ (ಸಿರಾಖ 38). ಆ ಗೌರವಕ್ಕೆ ತಕ್ಕ ಹೊಣೆಯೂ ಇದೆ. ದಯವಿಟ್ಟು ಆ ಒಂದು ಪ್ರಶ್ನೆಯನ್ನು ಕೇಳಿರಿ.

ಮಾಳಿಗೆಯ ಸುತ್ತ ಕೈಪಿಡಿ ಗೋಡೆ

ಇನ್ನು ನೀತಿಯ ಮಾತಿಗೆ ಬರೋಣ. ಧರ್ಮೋಪದೇಶಕಾಂಡದಲ್ಲಿ ಒಂದು ಚಿಕ್ಕ ಕಟ್ಟಳೆಯಿದೆ. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಿಸಬೇಕು, ಇಲ್ಲದಿದ್ದರೆ ಅಲ್ಲಿಂದ ಬಿದ್ದವನ ರಕ್ತದ ಅಪರಾಧ ಆ ಮನೆಯ ಮೇಲೆ ಬರುತ್ತದೆ (ಧರ್ಮೋ. 22:8). ವಿಮೋಚನಕಾಂಡದಲ್ಲೂ ಇದೇ ಬಗೆಯ ನಿಯಮವಿದೆ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ತನ್ನ ಎತ್ತು ಹಾಯುವಂಥದೆಂದು ತಿಳಿದೂ ಕಟ್ಟದೆ ಬಿಟ್ಟವನು, ಆದ ಅನಾಹುತಕ್ಕೆ ತಾನೇ ಹೊಣೆಗಾರ (ವಿಮೋ. 21).

ಈ ಕಟ್ಟಳೆಗಳಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದು, ಮನೆಯ ಯಜಮಾನ ಯಾರನ್ನೂ ತಳ್ಳಿಲ್ಲ. ಅವನು ಏನನ್ನೂ ಮಾಡಲಿಲ್ಲ, ಅದೇ ಅವನ ತಪ್ಪು. ಬಲಿಪೂಜೆಯ ಆರಂಭದಲ್ಲಿ ನಾವು ಆಲೋಚನೆ, ಮಾತು, ಕ್ರಿಯೆಗಳ ಪಾಪದ ಜೊತೆಗೆ ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪಕ್ಕೂ ಕ್ಷಮೆ ಬೇಡುವುದು ಇದಕ್ಕಾಗಿಯೇ. ಎರಡನೆಯದು, ‘ನೋಡಿಕೊಂಡು ನಡೆ’ ಎಂದು ಅತಿಥಿಗೆ ಹೇಳಿದರೆ ಸಾಲದು. ಗೋಡೆ ಕಟ್ಟಬೇಕಾದವನು ಮನೆಯ ಯಜಮಾನನೇ. ಐದನೆಯ ದೈವಾಜ್ಞೆ ಕೊಲೆಯನ್ನು ನಿಷೇಧಿಸುವಾಗ ಕತ್ತಿ ಹಿಡಿದ ಕೈಯನ್ನು ಮಾತ್ರ ನೆನೆಯುವುದಿಲ್ಲ. ಅಪಾಯವನ್ನು ಬಲ್ಲವನ ಮೌನವೂ ಅದರ ವ್ಯಾಪ್ತಿಯಲ್ಲಿದೆ.

ಈ ಸತ್ಯವನ್ನು ತನ್ನ ಕೆಲಸದಲ್ಲೇ ಕಂಡುಕೊಂಡವರು ಸರ್ ಥಾಮಸ್ ಲೆಗ್ಗ್. ಅವರು ಹಾಂಗ್‌ಕಾಂಗಿನಲ್ಲಿ ಸೇವೆ ಸಲ್ಲಿಸಿದ ಮಿಷನರಿಯೊಬ್ಬರ ಮಗ. ಬ್ರಿಟನ್ನಿನಲ್ಲಿ 1895ರಲ್ಲಿ ಸೀಸದ ವಿಷಬಾಧೆಯನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂಬ ಕಾನೂನು ಬಂತು. 1898ರಲ್ಲಿ ಲೆಗ್ಗ್ ಅಲ್ಲಿನ ಕಾರ್ಖಾನೆಗಳ ಮೊದಲ ವೈದ್ಯಕೀಯ ತನಿಖಾಧಿಕಾರಿಯಾದರು. ವರ್ಷಗಳ ಅನುಭವದಿಂದ ಅವರು ಕಲಿತ ಪಾಠ ಇದು: ಮಾಲೀಕನು ತನ್ನಿಂದಾಗುವುದನ್ನೆಲ್ಲ ಮಾಡದ ಹೊರತು ಕೆಲಸಗಾರನು ತನ್ನನ್ನು ಕಾಪಾಡಿಕೊಳ್ಳಲು ಹೆಚ್ಚೇನೂ ಮಾಡಲಾರ. ಬಣ್ಣದಲ್ಲಿ ಸೀಸದ ಬಳಕೆಯನ್ನು ತಡೆಯಲು ಜಿನೀವಾದಲ್ಲಿ 1921ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದವೊಂದು ರೂಪುಗೊಂಡಿತ್ತು. ಅದನ್ನು ತನ್ನ ಸರ್ಕಾರ ಅಂಗೀಕರಿಸದೆ ಹೋದಾಗ, 1926ರಲ್ಲಿ ಲೆಗ್ಗ್ ಹುದ್ದೆಗೆ ರಾಜೀನಾಮೆ ಕೊಟ್ಟರು. ಹಿಂದಿನ ವರ್ಷವಷ್ಟೇ ಸರ್ ಪದವಿ ಪಡೆದಿದ್ದ ಅಧಿಕಾರಿ ಮನಸ್ಸಾಕ್ಷಿಗಾಗಿ ಕುರ್ಚಿ ಬಿಟ್ಟು ಎದ್ದರು.

ನಮ್ಮ ಧರ್ಮಸಭೆಯ ಬೋಧನೆಯೂ ಇದೇ ಹಾದಿಯಲ್ಲಿದೆ. ಹದಿಮೂರನೆಯ ಲಿಯೋ ಪೋಪರು 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಲಾಭಕ್ಕಾಗಿ ಮನುಷ್ಯರನ್ನು ಸರಕಿನಂತೆ ಬಳಸುವುದು ನಾಚಿಕೆಗೇಡೆಂದು ಖಂಡಿಸಿದರು. ಹನ್ನೊಂದನೆಯ ಪಿಯುಸ್ ಪೋಪರು 1931ರಲ್ಲಿ, ಕಾರ್ಖಾನೆಯೊಳಗೆ ಹೋದ ಜಡವಸ್ತು ಬೆಲೆಯುಳ್ಳದ್ದಾಗಿ ಹೊರಬರುತ್ತದೆ, ಒಳಗೆ ಹೋದ ಮನುಷ್ಯ ಮಾತ್ರ ಕುಗ್ಗಿಹೋಗುತ್ತಾನೆ ಎಂದು ಮರುಗಿದರು. ಸಂತ ಎರಡನೆಯ ಜಾನ್ ಪೌಲರು 1981ರ ‘ಲಾಬೋರೆಮ್ ಎಕ್ಸರ್ಚೆನ್ಸ್’ ಪತ್ರದಲ್ಲಿ ಕೆಲಸವಿರುವುದು ಮನುಷ್ಯನಿಗಾಗಿ ಎಂಬುದನ್ನು ಸ್ಥಾಪಿಸಿ, ಆರೋಗ್ಯಕ್ಕೆ ಹಾನಿಯಾಗದ ಕೆಲಸದ ಸ್ಥಳವನ್ನು ಕೆಲಸಗಾರರ ಹಕ್ಕುಗಳಲ್ಲಿ ಸೇರಿಸಿದರು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1948ರ ಕಾರ್ಖಾನೆಗಳ ಕಾಯ್ದೆ ವರದಿ ಮಾಡಲೇಬೇಕಾದ ವೃತ್ತಿರೋಗಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಹೆಸರಿಸಿದ್ದು ಸೀಸದ ವಿಷಬಾಧೆಯನ್ನು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯ ಪಟ್ಟಿಯಲ್ಲೂ ಅದಕ್ಕೆ ಮೊದಲ ಸ್ಥಾನ. ಹಳೆಯ ಬ್ಯಾಟರಿಗಳ ವಿಲೇವಾರಿಗೆ 2001ರಲ್ಲಿ ಬಂದ ನಿಯಮಗಳನ್ನು ಬದಲಿಸಿ 2022ರಲ್ಲಿ ಹೊಸ ನಿಯಮಗಳನ್ನು ತರಲಾಗಿದೆ.

ಮಾಲೀಕರಾಗಿರುವ ನನ್ನ ಪ್ರಿಯ ವಿಶ್ವಾಸಿಗಳೇ, ಒಂದು ಮಾತನ್ನು ಪ್ರೀತಿಯಿಂದಲೇ ಹೇಳುತ್ತೇನೆ. ನಿಮ್ಮಲ್ಲಿ ಹಲವರು ಉದಾರಿಗಳು. ಹಬ್ಬದ ಖರ್ಚಿಗೆ ಕೊಡುತ್ತೀರಿ, ದೇವಾಲಯದ ಜೀರ್ಣೋದ್ಧಾರಕ್ಕೆ ಕೊಡುತ್ತೀರಿ. ದೇವರು ನಿಮ್ಮನ್ನು ಹರಸಲಿ. ಆದರೆ ಹೊಗೆ ಹೀರುವ ಯಂತ್ರಕ್ಕೆ, ತೊಳೆಯುವ ನೀರಿಗೆ, ಕೆಲಸಗಾರರ ರಕ್ತಪರೀಕ್ಷೆಗೆ ಕೊಡಬೇಕಾದ ಹಣವನ್ನು ಉಳಿಸಿ ಪೀಠಕ್ಕೆ ತಂದರೆ, ಅದು ಕಾಣಿಕೆಯಾಗುವುದಿಲ್ಲ. ನ್ಯಾಯವಾಗಿ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆ ದಾನದ ಮಾತು. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ (ಯಕೋಬ 5:4). ತಡೆಹಿಡಿದ ಆರೋಗ್ಯ ಸುಮ್ಮನಿದ್ದೀತೇ?

ತ್ಯಾಗ ಯಾವುದು, ಆತ್ಮಹಾನಿ ಯಾವುದು?

ಇನ್ನು ದುಡಿಯುವ ಸಹೋದರರಿಗೆ ಒಂದು ಮಾತು. “ಮಕ್ಕಳಿಗಾಗಿ ಮೇಣದಬತ್ತಿಯ ಹಾಗೆ ಉರಿಯುತ್ತಿದ್ದೇನೆ ಸ್ವಾಮಿ. ನನ್ನ ಜೀವ ಹೋದರೂ ಅವರು ಓದಲಿ” ಎಂದು ನಿಮ್ಮಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ಈ ಪ್ರೀತಿ ದೊಡ್ಡದು, ಇದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೂ ಇಲ್ಲೊಂದು ವಿವೇಚನೆ ಬೇಕು.

ಯೇಸುಸ್ವಾಮಿ ತಮ್ಮ ಪ್ರಾಣವನ್ನು ತಾವಾಗಿ, ತಿಳಿದು, ಸ್ವತಂತ್ರವಾಗಿ ಅರ್ಪಿಸಿದರು. ಬೇರೆಯವರ ಖರ್ಚು ಉಳಿಸಲು ಕೊಡುವ ಪ್ರಾಣ ಅಂಥದಲ್ಲ. ತಡೆಯಬಹುದಾದ ರೋಗವನ್ನು ಶಿಲುಬೆ ಎಂದು ಕರೆದು ಹೊತ್ತುಕೊಳ್ಳುವಂತೆ ಧರ್ಮಸಭೆ ಯಾರಿಗೂ ಬೋಧಿಸುವುದಿಲ್ಲ. ನಿಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದ ಕೂಲಿಕಾರರಿಗೂ ಗುಲಾಮರಿಗೂ ಸೇರಿಸಿಯೇ ಬರೆದರು (1 ಕೊರಿಂಥ 6:19). ನಿಮ್ಮ ಮಕ್ಕಳಿಗೆ ಶಾಲೆಯ ಫೀಸೂ ಬೇಕು, ತಂದೆಯೂ ಬೇಕು.

ರಕ್ತದಲ್ಲಿ ಸೀಸ ಹೆಚ್ಚಿದೆಯೆಂದು ತಿಳಿದರೂ ಕೆಲಸ ಹೋಗುವ ಭಯದಿಂದ ಚೀಟಿಯನ್ನು ಬಚ್ಚಿಡುವವರಿದ್ದಾರೆ. ಮನೆ ಬಾಡಿಗೆ, ಸಾಲದ ಕಂತು ಕಣ್ಣೆದುರಿಗಿರುವಾಗ ಬಚ್ಚಿಟ್ಟವನನ್ನು ನಾನು ಸುಲಭವಾಗಿ ದೂರಲಾರೆ. ಬಚ್ಚಿಡಬೇಕಾದ ಸ್ಥಿತಿಗೆ ಅವನನ್ನು ತಂದದ್ದು ಯಾರು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಅಮೆರಿಕದಲ್ಲಿ 1978ರಲ್ಲಿ ಮಾಡಿದ ಸೀಸದ ನಿಯಮ ಈ ಭಯವನ್ನು ಅರ್ಥಮಾಡಿಕೊಂಡಿತ್ತು. ರಕ್ತದಲ್ಲಿ ಸೀಸ ನಿಗದಿತ ಮಿತಿ ಮೀರಿದವನನ್ನು ಸೀಸವಿರುವ ಕೆಲಸದಿಂದ ಸರಿಸಬೇಕು, ಆದರೆ ಹದಿನೆಂಟು ತಿಂಗಳವರೆಗೆ ಅವನ ಸಂಬಳ, ಹಿರಿತನಗಳಿಗೆ ಕುಂದು ಬರಬಾರದು ಎಂದು ಅದು ವಿಧಿಸಿತು. ಸತ್ಯ ಹೇಳಿದವನು ಹಸಿಯಬಾರದು ಎಂಬ ನ್ಯಾಯ ಇದರಲ್ಲಿದೆ. ಕಾನೂನು ಹೇಳಲಿ ಬಿಡಲಿ, ಕ್ರೈಸ್ತ ಮಾಲೀಕನು ಇಷ್ಟನ್ನು ಮಾಡಬಲ್ಲ. ಕರಗಿಸುವ ಒಲೆಯಿಂದ ಅವನನ್ನು ಲೆಕ್ಕ ಬರೆಯುವ, ಸಾಮಾನು ಸಾಗಿಸುವ ಕೆಲಸಕ್ಕೆ ಅದೇ ಸಂಬಳದಲ್ಲಿ ಹಾಕಬಹುದು.

ಬೆಲ್ಲ, ಹಾಲು, ಬಾಳೆಹಣ್ಣು ತಿಂದರೆ ಧೂಳೆಲ್ಲ ಹೊರಟುಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕೆಲವು ಕಡೆ ಅದನ್ನೇ ಕೊಟ್ಟು ಕೈ ತೊಳೆದುಕೊಳ್ಳುವುದೂ ಉಂಟು. ಸುಣ್ಣದಂಶ, ಕಬ್ಬಿಣದಂಶ ಚೆನ್ನಾಗಿರುವ ಊಟ ಮಾಡಿದವರ ಕರುಳು ಸೀಸವನ್ನು ಸ್ವಲ್ಪ ಕಡಿಮೆ ಹೀರುತ್ತದೆ ಎಂಬುದು ನಿಜ. ಹಾಲು, ರಾಗಿ, ಸೊಪ್ಪು ಒಳ್ಳೆಯವೇ. ಆದರೆ ಉಸಿರಿನ ಮೂಲಕ ಒಳಹೋದ ಸೀಸವನ್ನು ಒಂದು ಉಂಡೆ ಬೆಲ್ಲ ತಡೆಯಲಾರದು. ಮುಖಕ್ಕೆ ಕಟ್ಟಿದ ಕರವಸ್ತ್ರವೂ ಆ ಸೂಕ್ಷ್ಮ ಹೊಗೆಯನ್ನು ತಡೆಯಲಾರದು.

ಹೊಸ್ತಿಲು ದಾಟಿ ಬರುವ ಧೂಳು

ಬೂದಿ ಬುಧವಾರ ನಮ್ಮ ಹಣೆಗೆ ಬೂದಿ ಹಚ್ಚುವಾಗ ನಾವು ಮಣ್ಣಿನವರೆಂಬುದನ್ನು ಗುರುಗಳು ನೆನಪಿಸುತ್ತಾರೆ. ಆ ಧೂಳು ನಮ್ಮನ್ನು ವಿನಯಕ್ಕೆ ಕರೆಯುತ್ತದೆ. ಕೆಲಸದ ಬಟ್ಟೆಯಲ್ಲಿ ಮನೆಗೆ ಬರುವ ಧೂಳು ಬೇರೆ. ಸಂಜೆ ಅಪ್ಪ ಬಂದೊಡನೆ ಮಗು ಓಡಿಬಂದು ಕಾಲಿಗೆ ತೆಕ್ಕೆಬೀಳುತ್ತದೆ. ತಾಯಿ ಆ ಬಟ್ಟೆಯನ್ನು ಒದರಿ, ಮಿಕ್ಕವರ ಬಟ್ಟೆಯೊಂದಿಗೆ ನೆನೆಹಾಕುತ್ತಾಳೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತನೆಯ ಒಂದು ಭಾಗದಷ್ಟು ದೇಹಕ್ಕೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಅದು ಅವರ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಕಾರಿನ ಅಂಚಿನ ಬಡಾವಣೆಯೊಂದರಲ್ಲಿ, ಹಳೆ ಬ್ಯಾಟರಿ ಒಡೆದ ಮಣ್ಣಿನಿಂದ ಸೀಸ ಆಯುತ್ತಿದ್ದ ಜಾಗದಲ್ಲಿ, 2007ರ ಕೊನೆಯಿಂದ 2008ರ ಮಾರ್ಚಿನವರೆಗೆ ಹದಿನೆಂಟು ಮಕ್ಕಳು ತೀರಿಕೊಂಡರು. ಆ ತಾಯಂದಿರಿಗೂ ಅದು ಹೊಟ್ಟೆಪಾಡೇ ಆಗಿತ್ತು.

ನಾವು ಏನು ಮಾಡಬೇಕು?

1. ಬ್ಯಾಟರಿ, ಸೀಸ ಕರಗಿಸುವುದು, ರೇಡಿಯೇಟರ್ ಬೆಸುಗೆ, ಹಳೆ ಬಣ್ಣ ಕೆರೆಯುವುದು ಇಂಥ ಕೆಲಸದಲ್ಲಿರುವವರು ವೈದ್ಯರಿಗೆ ತಮ್ಮ ಕೆಲಸವನ್ನು ತಾವಾಗಿಯೇ ಹೇಳಬೇಕು. ರಕ್ತದಲ್ಲಿನ ಸೀಸದ ಪ್ರಮಾಣ, ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರ ಇವುಗಳ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕು. ಸೀಸಕ್ಕೆ ಸುರಕ್ಷಿತವಾದ ಮಟ್ಟ ಇಂಥದೆಂದು ಯಾರೂ ಕಂಡಿಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಇದ್ದರೆ ಅದರ ಮೂಲವನ್ನು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

2. ಹೊಟ್ಟೆ ಹಿಂಡುವಿಕೆ, ಮಲಬದ್ಧತೆ, ಸದಾ ಸುಸ್ತು, ಕೀಲುನೋವು, ಮಣಿಕಟ್ಟಿನ ಬಲಹೀನತೆ, ವಸಡಿನ ಅಂಚಿನಲ್ಲಿ ನೀಲಿ ಗೆರೆ ಇವು ಎಚ್ಚರಿಕೆಯ ಗುರುತುಗಳು. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುತ್ತಾ ಕಾಲ ಕಳೆಯಬೇಡಿರಿ.

3. ಕೆಲಸದ ಜಾಗದಲ್ಲಿ ತಿನ್ನುವುದು, ಕುಡಿಯುವುದು, ಬೀಡಿ ಸೇದುವುದು ಬೇಡ. ಊಟಕ್ಕೆ ಮುಂಚೆ ಕೈ, ಮುಖ ಸೋಪು ಹಚ್ಚಿ ತೊಳೆಯಿರಿ. ಕೆಲಸದ ಬಟ್ಟೆ, ಚಪ್ಪಲಿ ಅಲ್ಲೇ ಬಿಟ್ಟು ಸ್ನಾನಮಾಡಿ ಮನೆಗೆ ಬನ್ನಿರಿ. ಆ ಬಟ್ಟೆಯನ್ನು ಒದರದೆ ಬೇರೆಯಾಗಿ ಒಗೆಯಿರಿ. ಧೂಳನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ.

4. ದೇಹದಿಂದ ಸೀಸ ತೆಗೆಯುವ ಔಷಧಗಳಿವೆ. ಆದರೆ ಅವನ್ನು ತಜ್ಞ ವೈದ್ಯರೇ ಕೊಡಬೇಕು. ಔಷಧ ಕೊಡುತ್ತಾ ಅದೇ ಹೊಗೆಯಲ್ಲಿ ದುಡಿಸುವುದು ತಪ್ಪು. ಮೊದಲ ಔಷಧವೆಂದರೆ ಸೀಸದಿಂದ ದೂರವಿರುವುದು.

5. ಇ.ಎಸ್.ಐ. ಇರುವವರು ತಮ್ಮ ಹಕ್ಕನ್ನು ತಿಳಿದುಕೊಳ್ಳಿರಿ. ಕಾನೂನು ಪಟ್ಟಿಮಾಡಿರುವ ವೃತ್ತಿರೋಗವನ್ನು ಕೆಲಸದಲ್ಲಾದ ಗಾಯದಂತೆಯೇ ಪರಿಗಣಿಸಬೇಕು. ಇ.ಎಸ್.ಐ. ಇಲ್ಲದ ಗುಜರಿ ಶೆಡ್ಡಿನ ಕೆಲಸಗಾರರನ್ನು ನಮ್ಮ ಕಿರು ಕ್ರೈಸ್ತ ಸಮುದಾಯಗಳೂ ಸಂತ ವಿನ್ಸೆಂಟ್ ದೇ ಪೌಲರ ಸಭೆಯವರೂ ಹುಡುಕಿ ಹೋಗಿ ಪರೀಕ್ಷೆಗೆ ಕರೆದೊಯ್ಯಲಿ. ಅವರು ನಮ್ಮ ಧರ್ಮದವರೇ ಆಗಬೇಕೆಂದಿಲ್ಲ.

6. ಮನೆಯ ಹಳೆ ಬ್ಯಾಟರಿಯನ್ನು ಹೆಚ್ಚು ದುಡ್ಡು ಕೊಡುವ ಗುಜರಿಯವನಿಗೆ ಮಾರದೆ ಬ್ಯಾಟರಿ ಮಾರುವ ಅಂಗಡಿಗೇ ಹಿಂದಿರುಗಿಸಿರಿ. ಆ ಹೆಚ್ಚುವರಿ ಹಣದ ಬೆಲೆಯನ್ನು ತೆರುವವನು ಯಾರೆಂದು ಈಗ ನಿಮಗೆ ಗೊತ್ತು.

ಇದೆಲ್ಲ ನಮ್ಮಿಂದಾಗದು ಎಂದು ಕೈಚೆಲ್ಲಬೇಕಾಗಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಯನ್ನು ತಡೆಯುವುದನ್ನೇ ತಮ್ಮ ಜೀವನದ ಕೆಲಸವಾಗಿ ಮಾಡಿಕೊಂಡರು. 1999ರಲ್ಲಿ ಬೆಂಗಳೂರಿನಲ್ಲಿ ಇದರ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲು ನಿಂತಿತು. 2021ರಲ್ಲಿ ಆಲ್ಜೀರಿಯ ಕೊನೆಯದಾಗಿ ನಿಲ್ಲಿಸಿದಾಗ ವಾಹನಗಳಿಗೆ ಆ ಪೆಟ್ರೋಲು ಮಾರುವ ದೇಶವೇ ಜಗತ್ತಿನಲ್ಲಿ ಉಳಿಯಲಿಲ್ಲ. ಒಂದು ಕಾಲಕ್ಕೆ ಅಸಾಧ್ಯವೆನಿಸಿದ್ದು ಹೀಗೆ ನಡೆದುಹೋಯಿತು.

ನಜರೇತಿನ ಬಡಗಿಯ ಮನೆಯಲ್ಲಿ ದೇವಪುತ್ರರು ಕೈಕೆಲಸ ಕಲಿತರು. ಹನ್ನೆರಡನೆಯ ಪಿಯುಸ್ ಪೋಪರು 1955ರಲ್ಲಿ ಮೇ ಒಂದನೆಯ ದಿನವನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ಆ ದಿನ ನಾವು ಉಪಕರಣಗಳನ್ನು ಆಶೀರ್ವದಿಸುತ್ತೇವೆ. ಅವುಗಳನ್ನು ಹಿಡಿಯುವ ಕೈಗಳನ್ನೂ, ಆ ಕೈಗಳ ಹಿಂದಿರುವ ಮೂತ್ರಪಿಂಡಗಳನ್ನೂ ನೆನೆಯೋಣ.

ಕುಟುಂಬದಲ್ಲಿ ಚಿಂತನೆಗೆ

ನಮ್ಮ ಮನೆಯವರು ಎಂಥ ಜಾಗದಲ್ಲಿ ದುಡಿಯುತ್ತಾರೆಂದು ನಾವು ಎಂದಾದರೂ ಹೋಗಿ ನೋಡಿದ್ದೇವೆಯೇ? ನಮ್ಮ ಕೈಕೆಳಗೆ ದುಡಿಯುವವರ ಆರೋಗ್ಯದ ವಿಷಯದಲ್ಲಿ ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದೇನಾದರೂ ಇದೆಯೇ? ಮುಂದಿನ ಪಾಪನಿವೇದನೆಯಲ್ಲಿ ಅದನ್ನು ಹೇಳುವಷ್ಟು ಪ್ರಾಮಾಣಿಕರಾಗಿದ್ದೇವೆಯೇ?

ಪ್ರಾರ್ಥನೆ

ನಮ್ಮ ಒಳಗನ್ನೆಲ್ಲ ಬಲ್ಲ ದೇವರೇ, ಬೆಂಕಿಯ ಮುಂದೆ, ಧೂಳಿನ ನಡುವೆ ದುಡಿಯುವ ನಿಮ್ಮ ಮಕ್ಕಳನ್ನು ನೆನೆಯಿರಿ. ಅವರ ಕಾಣದ ನೋವು ನಿಮಗೆ ಕಾಣುತ್ತದೆ, ನಮಗೂ ಕಾಣುವಂತೆ ಮಾಡಿರಿ. ಮಾಲೀಕರಿಗೆ ನ್ಯಾಯಬುದ್ಧಿಯನ್ನೂ, ವೈದ್ಯರಿಗೆ ಕೇಳುವ ಕಿವಿಯನ್ನೂ, ದುಡಿಯುವವರಿಗೆ ಸತ್ಯ ಹೇಳುವ ಧೈರ್ಯವನ್ನೂ, ಡಯಾಲಿಸಿಸ್ ಹಾಸಿಗೆಯಲ್ಲಿರುವವರಿಗೆ ಸಮಾಧಾನವನ್ನೂ ದಯಪಾಲಿಸಿರಿ. ಸಂತ ಜೋಸೆಫರ ಬಿನ್ನಹದ ಮೂಲಕ, ನಮ್ಮ ಪ್ರಭು ಯೇಸುಕ್ರಿಸ್ತರ ನಾಮದಲ್ಲಿ ಬೇಡುತ್ತೇವೆ. ಆಮೆನ್.